ಬಲಗಡೆಯ ಒಸಡು

ಡಾಕ್ಟರ್ ಉಜ್ವಲಾ ಕಂಪ್ಯೂಟರಿನ ಪರದೆಯಲ್ಲಿದ್ದ ದವಡೆಯ ಸ್ಕ್ಯಾನ್ ಫೋಟೋದ ಮೇಲೆ ಬೆರಳಿಟ್ಟರು. "ಈ ಬಿಳೀ ಗೆರಿ ಎಲುಬು, ಅದರ ಮ್ಯಾಲಿನ ಬೂದಿ ಬಣ್ಣದ್ದು ಒಸಡು. ಎಡಕ್ಕ ಎರಡೂ ಒಂದೊಂದು ಮಿಲಿಮೀಟರ್ ದಪ್ಪ ಅದಾವು. ಬಲಕ್ಕ ಅರ್ಧಾನೂ ಇಲ್ಲ. ಅದಕ್ಕ ಹಲ್ಲು ಅಳ್ಳಾಡಾಕತ್ತೈತಿ."

ತಾರವ್ವ ಪರದೆಯತ್ತ ಬಗ್ಗಿ ನೋಡಿದಳು. ಕುರ್ಚಿಯಲ್ಲಿ ಕೂತ ಸೊಸೆ ಭಾಗ್ಯಾಳಿಗೆ ಇನ್ನೂ ಇಪ್ಪತ್ತೆಂಟು. ಈ ವಯಸ್ಸಿಗೇ ಹಲ್ಲು ಬಿದ್ದರೆ ಮುಂದೆ ಹೇಗೆ? ಕರೋಶಿಯಿಂದ ಚಿಕ್ಕೋಡಿಗೆ ಬರುವಾಗ ಬಸ್ಸಿನ ತುಂಬ ಅದೇ ಚಿಂತೆ ಅವಳ ತಲೆ ತಿಂದಿತ್ತು.

"ಮಶೇರಿ ತಿಕ್ಕತೀರೇನು?" ಡಾಕ್ಟರ್ ಭಾಗ್ಯಾಳನ್ನು ಕೇಳಿದರು.

ಸೊಸೆ ಬಾಯಿ ತೆರೆಯುವ ಮೊದಲೇ ತಾರವ್ವ ಉತ್ತರಿಸಿದಳು. "ಛೇ, ಇಲ್ರಿ. ಆ ಸುಟ್ಟ ತಂಬಾಕ ಪುಡಿ ಚಟ ನಮ್ಮ ಮನ್ಯಾಗ ನಂಗೊಬ್ಬಾಕಿಗೇ. ಇಕಿ ಮುಟ್ಟಾಂಗಿಲ್ಲ."

"ಫೋಟೋ ಬ್ಯಾರೆ ಹೇಳತೈತಲ್ರಿ. ಅದ ಜಾಗಾದಾಗ ದಿನಾ ಏನೋ ಕುಂದರಾಕತ್ತೈತಿ."

ಭಾಗ್ಯಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ತಲೆ ತಗ್ಗಿಸಿದಳು. ತಾರವ್ವನಿಗೆ ತನ್ನ ಮಶೇರಿ ಡಬ್ಬಿ ನೆನಪಾಯಿತು. ಎಂಟು ದಿನ ಬರುತ್ತಿದ್ದ ಪುಡಿ ಈಚೆಗೆ ನಾಲ್ಕೇ ದಿನಕ್ಕೆ ತಳ ಕಾಣುತ್ತಿತ್ತು. ತೂಕದಲ್ಲಿ ಮೋಸ ಮಾಡುತ್ತಾನೆಂದು ಅಂಗಡಿಯ ಭೂಪಾಲನಿಗೆ ಬಾಯಿಗೆ ಬಂದಂತೆ ಬೈದಿದ್ದಳು, ಪಾಪ.

"ಯಾರು ಕಲಿಸಿದ್ರು?" ಡಾಕ್ಟರ್ ಕೇಳಿದರು.

"ಬಸರಿದ್ದಾಗ ಹಲ್ಲ ಭಾಳ ನೋಯ್ತಿತ್ರಿ," ಎಂದಳು ಭಾಗ್ಯಾ. "ನಾನ ಹಚಗೊಂಡ್ನಿ."

ಸುಳ್ಳು. ಆವತ್ತು ನೋವಿನಿಂದ ಅಳುತ್ತಿದ್ದ ಹುಡುಗಿಯ ಕೆಳತುಟಿ ಎಳೆದು, ಒಂದು ಚಿಟಿಕೆ ಒತ್ತಿ, ಇದಕ್ಕಿಂತ ಚಲೋ ಔಷಧ ಇಲ್ಲವ್ವಾ ಎಂದವಳು ತಾರವ್ವನೇ. ಅದು ಆವತ್ತಿಗೇ ಮುಗಿಯಿತೆಂದು ಅವಳು ತಿಳಿದಿದ್ದಳು. ಸೊಸೆ ಈಗ ಅತ್ತೆಯ ಮರ್ಯಾದೆ ಕಾಯುತ್ತಿದ್ದಳು.

"ನಾನ ಹಚ್ಚೇನ್ರಿ, ಇದ ಕೈಲೆ," ಎಂದಳು ತಾರವ್ವ. "ಹಲ್ಲ ಉಳಿತೈತೇನ್ರಿ?"

"ಇವತ್ತಿಂದ ಮಶೇರಿ ಬಿಟ್ರ ಉಳಸಾಕ ನೋಡೋಣು."

"ಬಿಡತೇನ್ರಿ," ಎಂದಳು ಭಾಗ್ಯಾ, ನೆಲ ನೋಡುತ್ತ. ಅದೇ ಮಾತನ್ನು ಅದೇ ದನಿಯಲ್ಲಿ ತಾರವ್ವ ತಾನೂ ಎಷ್ಟೋ ಸಲ ಆಡಿದ್ದಳು. ಅದರ ಬೆಲೆ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಸೊಂಟದ ಚೀಲದಿಂದ ಡಬ್ಬಿ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟಳು. "ಏಳವ್ವಾ," ಎಂದು ಸೊಸೆಯನ್ನು ಎಬ್ಬಿಸಿ ತಾನೇ ಕುರ್ಚಿ ಹತ್ತಿ ಕೂತಳು.

"ನಂದೂ ಒಂದು ಫೋಟೋ ತಗೀರಿ. ಇಕಿದರ ಬಾಜೂಕ ಇಟ್ಟು ಇಕಿಗಿ ತೋರಸ್ರಿ."

ಹಾಗೆಂದು ಕೆಳತುಟಿಯನ್ನು ಬೆರಳಿನಿಂದ ಎಳೆದು ಹಿಡಿದಳು. ಬಲಗಡೆ ಒಂದೂ ಹಲ್ಲಿರಲಿಲ್ಲ.