ಹೊಗೆಗೆ ಹಪ್ಪಳದ ಪರೀಕ್ಷೆ

ಚಿಕ್ಕೀರನ ಹಳೆಯ ಲಾರಿ ಒಮ್ಮೆ ಕೆಮ್ಮಿದರೆ ಏಳೂರಿನ ಕಾಗೆಗಳಿಗೆ ಬಳಿಯುವಷ್ಟು ಕಪ್ಪು ಸೀಬಮ್ಮ ಒಣಹಾಕಿದ ಹಪ್ಪಳದ ಮೇಲೆ ಬೀಳುತ್ತಿತ್ತು. ಅವನ ಹೊಸ ಲಾರಿಯೂ ಅಂಗಳದ ಪಕ್ಕದಲ್ಲೇ ನಿಂತದ್ದು ಕಂಡು ಅವಳು ಪೊರಕೆ ಹಿಡಿದೇ ಚಿಕ್ಕೀರನ ಮುಂದೆ ಬಂದಳು.

“ಇದಕ್ಕೆ ಯೂರಿಯಾ ನೀರು ಹಾಕ್ತೀವಿ ಕಣಕ್ಕೋ, ಹೊಗೆಯ ವಿಷಾನೆಲ್ಲ ಅದೇ ನುಂಗ್ತೈತೆ. ಬೇಕಾದ್ರೆ ಪೈಪಿನ ಬಾಯಿಗೆ ಹಪ್ಪಳ ಹಿಡಿದು ನೋಡು!”

ಸೀಬಮ್ಮ ಕೈ ಸೋತು ಬೀಳುವವರೆಗೂ ಹಿಡಿದಳು. ಹಪ್ಪಳ ಹುಣ್ಣಿಮೆ ಚಂದ್ರನನ್ನೇ ನಾಚಿಸುವಷ್ಟು ಬೆಳ್ಳಗಿತ್ತು.

“ಸದ್ದೂ ಇಲ್ವಲ್ಲೋ?”

“ಹೊಸ ಎಂಜಿನ್ನು, ಉಸಿರಾಡಿದ್ರೂ ಕೇಳಾಕಿಲ್ಲ.”

ಸೀಬಮ್ಮ ಕರಗಿದಳು. “ದಿನಾ ಇಲ್ಲೇ ನಿಲ್ಲಿಸ್ಕೋ ಹೋಗು. ಈಗ ಒಂಚೂರು ಮುಂದಕ್ಕೆ ತಗಿ, ಹಪ್ಪಳಕ್ಕೆ ನೆರಳು ಬಿದ್ದೈತೆ.”

ಚಿಕ್ಕೀರ ತಲೆ ಕೆರೆದುಕೊಂಡ. “ತಳ್ಳೋಕೆ ಜನಾನ ಕರಿ ಕಣಕ್ಕೋ. ಆ ನೀರು ಖಾಲಿಯಾಗೈತೆ, ಅದಿಲ್ದೆ ಗಾಡಿ ಬೆಳಗ್ಗಿಂದ ಸ್ಟಾರ್ಟೇ ಆಗಿಲ್ಲ.”