ಅಕ್ಕಿ ಡಬ್ಬದೊಳಗಿನ ಕಾರ್ಬುರೇಟರ್

ಎಂಜಿನ್ ಮತ್ತೆ ನಿಂತುಹೋಯಿತು. ಎದೆಲ್ಮೀರಾ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

“ನಾಟಕ ಸಾಕು ಮಾಡು, ಯೋಸ್ವಾನಿ.”

“ನಾಟಕ ಆಗಿದ್ರೆ ಟಿಕೆಟ್ ಇಡ್ತಿದ್ದೆ, ಸಂಗಾತಿ. ನೀವಂತೂ ದಿನಾ ಮುಂದಿನ ಸಾಲಲ್ಲೇ ಕೂತಿರ್ತೀರಿ.”

ಅವಳು ಬೀದಿಯವರ ಮೇಲೆ ಕಣ್ಣಿಡುವ ಸರ್ಕಾರಿ ಸಮಿತಿಯ ಅಧ್ಯಕ್ಷೆ. ಅವನು ಬ್ರೆಡ್ ಮಾರುವವನು. ನಡುವೆ ಅವನ ರಿಕಿಂಬಿಲಿ: ಹಳೆಯ ಚೀನೀ ಸೈಕಲ್ಲು, ಅದಕ್ಕೆ ಬಿಗಿದ ಪುಟ್ಟ ಎಂಜಿನ್. ಎಂಜಿನ್ ಒಂದು ಕಾಲದಲ್ಲಿ ಸೊಳ್ಳೆಗೆ ಹೊಗೆ ಹಾಕುವ ಯಂತ್ರದಲ್ಲಿತ್ತು. ಕ್ಯೂಬಾದ ಆ ಕಡಲೂರಿನಲ್ಲಿ ಅರ್ಧ ಸೈಕಲ್ಲುಗಳು ಹೀಗೇ ಓಡುತ್ತಿದ್ದವು. ಅಂಥದೇ ಎಂಜಿನ್ ಕಟ್ಟಿಕೊಂಡ ದೋಣಿಯಲ್ಲಿ ಕಳೆದ ತಿಂಗಳು ಮೂಲೆಮನೆಯವರು ಅಮೆರಿಕದ ಕಡೆಗೆ ಹೊರಟುಹೋಗಿದ್ದರು.

ಮುಂದಿನ ಸರದಿ ಯೋಸ್ವಾನಿಯದು ಎಂದು ಎದೆಲ್ಮೀರಾ ನಂಬಿದ್ದಳು. ಅವನ ಹಿತ್ತಲಲ್ಲಿ ತೆಪ್ಪ ತೇಲಿಸಬಲ್ಲಂಥ ಎರಡು ನೀಲಿ ಪೀಪಾಯಿಗಳಿದ್ದವು. ನೀರಿಗೆ ಎಂದು ಅವನು ಹೇಳುತ್ತಿದ್ದ. ಎಲ್ಲರೂ ಹಾಗೇ ಹೇಳುತ್ತಾರೆ. ಅವಳ ಮಗ ಅರಿಯೆಲ್ ಕೂಡ ಹಾಗೇ ಹೇಳಿದ್ದ. ಅವನು ಕಡಲು ದಾಟಿ ಹೋದ ದಿನದಿಂದ ಮನೆಯಲ್ಲಿ ಅವನ ಹೆಸರೆತ್ತಕೂಡದು ಎಂದು ಅವಳೇ ಕಟ್ಟಳೆ ಮಾಡಿದ್ದಳು. ಈ ಬೀದಿಯಿಂದ ಇನ್ನೊಬ್ಬರು ಹೋಗಕೂಡದು. ಅಷ್ಟು ಮಾತ್ರ ಅವಳಿಗೆ ಬೇಕಾಗಿತ್ತು.

ಅದಕ್ಕೇ ದಿನವೂ ಸಂಜೆ ಅವನ ಎಂಜಿನ್ನಿನಿಂದ ಕಾರ್ಬುರೇಟರ್ ಬಿಚ್ಚಿಸಿ, ಕರವಸ್ತ್ರದಲ್ಲಿ ಸುತ್ತಿ ಒಯ್ಯುತ್ತಿದ್ದಳು. ಕಾರ್ಬುರೇಟರ್ ಇಲ್ಲದ ಎಂಜಿನ್ ಬರೀ ಕಬ್ಬಿಣ. ಬೆಳಿಗ್ಗೆ ತಾನೇ ತಂದು ಕೊಡುತ್ತಿದ್ದಳು.

“ಗಾಡಿ ನಿಂತಾಗಲೂ ಎಂಜಿನ್ ಓಡೋ ಐಡ್ಲಿಂಗ್ ದೋಣಿಗೆ ಯಾಕ್ರೀ ಬೇಕು?” ಯೋಸ್ವಾನಿ ಗೊಣಗಿದ. “ಸಮುದ್ರದಲ್ಲೇನು ಸಿಗ್ನಲ್ ಲೈಟ್ ಇದೆಯಾ? ಮನೆಮನೆ ಮುಂದೆ ನಿಲ್ಲಿಸಿ ಬ್ರೆಡ್ ಕೊಡೋನು ನಾನು. ನಿಂತಲ್ಲೆಲ್ಲ ಆಫ್ ಆದ್ರೆ ತುಳಿದು ತುಳಿದು ಮಂಡಿ ಹೋಗುತ್ತೆ.”

ಅವನು ಕಾರ್ಬುರೇಟರಿನೊಳಗೆ ಪೆಟ್ರೋಲ್ ಹನಿಸುವ ಸಣ್ಣ ಜೆಟ್ಟನ್ನು ಬ್ರಷ್ಷಿನ ಕೂದಲಿನಿಂದ ಚುಚ್ಚಿ ಊದಿದ. ಗಾಳಿ ಸ್ಕ್ರೂ ಮೇಲೆ ಬೆರಳಿಟ್ಟವನು ಹುಬ್ಬು ಗಂಟಿಕ್ಕಿದ.

“ನಿನ್ನೆ ಇದನ್ನ ಸಡಿಲ ಬಿಟ್ಟಿದ್ದೆ. ಇವತ್ತು ಬಿಗಿದಿದೆ. ದಿನಾ ಇದೇ ಕಥೆ. ರಾತ್ರಿ ಹೊತ್ತು ಇದಕ್ಕೂ ಸಮಿತಿ ಪಾಠ ಹೇಳ್ತೀರಾ?”

“ಅಂದ್ರೆ ನಿನ್ನ ಹತ್ರಾನೇ ಬಿಡಬೇಕು ಅಂತೀಯ.”

“ಬಿಟ್ರೆ ಒಳ್ಳೇದು.”

“ಅದು ನಿನ್ನ ಕನಸಲ್ಲಿ, ಮಗನೇ.”

ಮನೆಯಲ್ಲಿ ಅವಳು ಅದನ್ನು ಅಕ್ಕಿ ಡಬ್ಬದಲ್ಲಿ ಹೂಳುತ್ತಿದ್ದಳು. ಅನ್ನಕ್ಕೆ ಪೆಟ್ರೋಲ್ ವಾಸನೆ ಹತ್ತಿತ್ತು. ಗಂಡ ರೆಮಿಗಿಯೋ ದೂರು ಹೇಳದೆ ಉಣ್ಣುತ್ತಿದ್ದ. ಕಡಲ ಕೆಸರಲ್ಲಿ ಬೆಳೆದ ಕಾಂಡ್ಲಾ ಕಾಡಿನಂಚಿನಲ್ಲಿದ್ದ ಸೊಳ್ಳೆ ಹೊಗೆಯಂತ್ರಗಳ ಉಗ್ರಾಣಕ್ಕೆ ಅವನು ರಾತ್ರಿ ಕಾವಲುಗಾರ. ಯಂತ್ರಗಳ ಕಾರ್ಬುರೇಟರುಗಳೆಲ್ಲ ಯಾರ್ಯಾರದೋ ಸೈಕಲ್ಲು ಸೇರಿ, ಅವು ಮೂಕವಾಗಿ ಕೂತು ಬಹಳ ದಿನವಾಗಿತ್ತು. ಅವನೂ ಹಾಗೇ. ಮಗ ಹೋದಮೇಲೆ ಗಂಡಹೆಂಡಿರ ನಡುವೆ ಉಳಿದದ್ದು ಚಮಚದ ಸದ್ದು. ಈಚೆಗೆ ಮಾತ್ರ, ಬುತ್ತಿಚೀಲ ಹೆಗಲಿಗೇರಿಸುವ ಮುನ್ನ, ಅವನು ಒಂದು ಪ್ರಶ್ನೆ ಕೇಳತೊಡಗಿದ್ದ.

“ಐಡ್ಲಿಂಗ್ ಸರಿಹೋಯ್ತಾ?”

“ಎಲ್ಲಿ! ಸುಮ್ಮಸುಮ್ಮನೆ ಏರುತ್ತೆ, ಆಮೇಲೆ ಸಾಯುತ್ತೆ. ಎಲ್ಲೋ ಗಾಳಿ ಸೋರ್ತಿದೆಯಂತೆ.”

“ಬೇಗ ಸರಿಮಾಡು ಅನ್ನು ಅವನಿಗೆ.”

ಅವಳಿಗೂ ಅದೇ ಬೇಕಿತ್ತು. ಎಂಜಿನ್ ಸರಿಹೋದರೆ ಕಾರ್ಬುರೇಟರನ್ನು ತನ್ನ ಹತ್ತಿರ ಇಟ್ಟುಕೊಳ್ಳಲು ಯೋಸ್ವಾನಿ ಹೂಡುವ ನೆಪ ಮುಗಿಯುತ್ತದೆ.

ಮರುದಿನ ಯೋಸ್ವಾನಿ, ಎಂಜಿನ್ ತೇಕುತ್ತಾ ಓಡುತ್ತಿದ್ದಾಗ, ಕಾರ್ಬುರೇಟರ್ ಕೂರುವ ಸಂದಿಗೆ ಸೋಪಿನ ನೊರೆ ಹಚ್ಚಿದ. ಸಂದಿ ನೊರೆಯನ್ನು ಒಳಗೆ ಎಳೆದುಕೊಂಡಿತು.

“ಸಿಕ್ಕಿಬಿದ್ದ ಕಳ್ಳ! ಕಾರ್ಬುರೇಟರಿನ ಮುಖ ಸೊಟ್ಟಗಾಗಿದೆ. ಮಟ್ಟಸವಾದ ಗಾಜಿನ ಮೇಲೆ ಉಪ್ಪುಕಾಗದ ಹಾಸಿ ಉಜ್ಜಬೇಕು. ಆದ್ರೆ ಗಾಜು ಎಲ್ಲಿದೆ ಈ ಊರಲ್ಲಿ? ಕಿಟಕಿಗೆಲ್ಲ ಹಲಗೆ.”

ಎದೆಲ್ಮೀರಾ ಎದ್ದು ತನ್ನ ಮನೆಗೆ ಹೋದಳು. ಮಲಗುವ ಕೋಣೆಯಲ್ಲಿ ಗೋಡೆಗೆ ಮುಖ ತಿರುಗಿಸಿ ತೂಗುಹಾಕಿದ್ದ ಒಂದು ಫೋಟೋ ಚೌಕಟ್ಟಿತ್ತು. ಅದರಿಂದ ಗಾಜನ್ನಷ್ಟೇ ಜಾರಿಸಿ ತೆಗೆದಳು. ಒಳಗಿನ ಮುಖವನ್ನು ನೋಡಲಿಲ್ಲ.

ಯೋಸ್ವಾನಿ ಗಾಜಿನ ಮೇಲೆ ಮಧ್ಯಾಹ್ನವಿಡೀ ಉಜ್ಜಿದ. ಮತ್ತೆ ಕೂರಿಸಿ ಹೊತ್ತಿಸಿದ. ಎಂಜಿನ್ ಗುಟುಗುಟು ಎಂದಿತು. ಏರಲಿಲ್ಲ, ಇಳಿಯಲಿಲ್ಲ. ತೊಟ್ಟಿಲ ಕೂಸಿನ ಉಸಿರಿನಂತೆ ಒಂದೇ ಸಮನೆ ಸಾಗಿತು. ಇಬ್ಬರೂ ಕಿವಿಗೊಟ್ಟು ಕೇಳಿದರು.

“ಇವತ್ತೊಂದಿನ ಬಿಟ್ಟು ಹೋಗಿ, ಸಂಗಾತಿ. ಬೆಳಿಗ್ಗೆ ಬ್ರೆಡ್ ಹೊರಡಬೇಕು.”

“ಬೆಳಿಗ್ಗೆ ತರ್ತೀನಿ. ಬಿಚ್ಚು.”

ಸಂಜೆ ರೆಮಿಗಿಯೋ ಕೇಳುವ ಮೊದಲೇ ಹೇಳಿದಳು. “ಸರಿಹೋಯ್ತು. ಇನ್ನು ಕೈಕೊಡಲ್ಲ ಅಂದ.”

ಅವನು ತಟ್ಟೆಯಿಂದ ತಲೆಯೆತ್ತಿ ಅವಳನ್ನು ತುಸು ಹೆಚ್ಚು ಹೊತ್ತೇ ನೋಡಿದ.

“ಅನ್ನ ಚೆನ್ನಾಗಿದೆ,” ಎಂದ.

ಅವಳು ಕೊಡ ಹಿಡಿದು ನಲ್ಲಿಗೆ ಹೋದಳು. ನೀರು ಹಿಡಿದು ಬರುವಷ್ಟರಲ್ಲಿ ಅವನು ಕಾವಲಿಗೆ ಹೊರಟುಹೋಗಿದ್ದ.

ಬೆಳಿಗ್ಗೆ ಬೀದಿಯ ಕೂಗು ಅವಳನ್ನೆಬ್ಬಿಸಿತು. ಕಾಂಡ್ಲಾ ಕಾಡಿನ ಕಡೆಯಿಂದ ದೋಣಿಯೊಂದು ಹೋಗಿದೆ! ಎಂಜಿನ್ ಸದ್ದು ಬೆಸ್ತರಿಗೆ ಕೇಳಿಸಿದೆಯಂತೆ!

ಎದೆಲ್ಮೀರಾ ಬರಿಗಾಲಲ್ಲೇ ಯೋಸ್ವಾನಿಯ ಮನೆಗೆ ಓಡಿದಳು. ಅವನು ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ರಿಕಿಂಬಿಲಿ, ಬ್ರೆಡ್ಡಿನ ಬುಟ್ಟಿ.

“ತಂದ್ರಾ? ಬ್ರೆಡ್ ಆರ್ತಾ ಇದೆ.”

ಅವಳು ಗೋಡೆ ಹಿಡಿದು ನಿಂತು ಉಸಿರು ಬಿಟ್ಟಳು. ನಗು ಬಂತು. ಎಷ್ಟೋ ಕಾಲದ ಮೇಲೆ ಬಂದ ನಗು.

“ಇರು, ತರ್ತೀನಿ,” ಎಂದು ಮನೆಗೆ ಬಂದು ಅಕ್ಕಿ ಡಬ್ಬಕ್ಕೆ ಕೈ ಹಾಕಿದಳು. ಮೊಣಕೈವರೆಗೂ ಹಾಕಿದಳು. ಕೊನೆಗೆ ಡಬ್ಬವನ್ನೇ ನೆಲಕ್ಕೆ ಸುರಿದಳು. ಅಕ್ಕಿಯ ಜೊತೆ ಉದುರಿದ್ದು ರೆಮಿಗಿಯೋನ ಉಗ್ರಾಣದ ಬೀಗದ ಕೈ.

ಮಲಗುವ ಕೋಣೆಯ ಚೌಕಟ್ಟು ಈಗ ಮುಖ ಈಚೆ ತಿರುಗಿಸಿಕೊಂಡಿತ್ತು. ಗಾಜನ್ನು ತೆಗೆದವಳು ಅವಳೇ, ಆದರೆ ಒಳಗೆ ಮಗನ ಫೋಟೋವೂ ಇರಲಿಲ್ಲ.