ಎರಡು ಲೋಟ ತಣ್ಣೀರು

"ಬಣ್ಣವೇ ಇಲ್ಲವಲ್ಲಮ್ಮಾ ಇದಕ್ಕೆ!" ಮಾವ ಒಂದೇ ಗುಟುಕು ಕುಡಿದು ಲೋಟವನ್ನು ಪಕ್ಕಕ್ಕೆ ತಳ್ಳಿದರು. ಕನ್ನಡಕ ಏರಿಸಿಕೊಂಡು, ಸೊಸೆ ತಂದಿದ್ದ ಕಾಫಿಪುಡಿಯ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದರು. ಮೂವತ್ತೊಂದು ವರ್ಷ ಕಲಬೆರಕೆ ಹಿಡಿಯುವ ಇನ್‌ಸ್ಪೆಕ್ಟರ್ ಆಗಿದ್ದವರು. ನಿವೃತ್ತರಾದ ಮೇಲೂ ಅವರ ತನಿಖೆ ಮುಗಿಯದೆ ಆ ಮನೆಯಲ್ಲಿ ಒಂದು ಉಪ್ಪಿನ ಪೊಟ್ಟಣ ಕೂಡ ಅಡುಗೆಮನೆ ಸೇರುವಂತಿರಲಿಲ್ಲ.

"ಸಾವಯವ ಅಂತೆ. ಯಾರು ಹೇಳಿದ್ದು? ಮಾರುವವನು. ಬೆಳೆದವರಿಗೆ ನ್ಯಾಯವಾದ ಬೆಲೆ ಕೊಟ್ಟಿದ್ದಾರಂತೆ. ಅದನ್ನ ಹೇಳಿದ್ದು ಯಾರು? ಅವನೇ! ಆರೋಪಿ ಕೂತು ತೀರ್ಪು ಬರೆದ ಹಾಗಾಯ್ತು."

"ಮೊಹರು ಇದೆಯಲ್ಲ ಮಾವ. ಹೊರಗಿನವರು ತೋಟಕ್ಕೆ ಹೋಗಿ ನೋಡಿ ಹಾಕಿರೋದು."

"ಮೊಹರು ಹೇಗೆ ಬೀಳುತ್ತೆ ಅಂತ ನನಗೆ ಹೇಳಿಕೊಡ್ತೀಯಾ? ಪೊಟ್ಟಣದ ಮೇಲೆ ಈ ಬೆಳೆಗಾರ ಹೆಂಗಸಿನ ಫೋಟೋ ನೋಡು. ಇಷ್ಟು ಹಲ್ಲು ಬಿಡೋವಷ್ಟು ಬೆಲೆ ಯಾವ ಬೆಳೆಗೆ ಸಿಕ್ಕಿದೆಯಮ್ಮಾ?"

ಸೊಸೆಗೆ ರೇಗಿತು. ಈ ಪುಡಿಗಾಗಿ ಅವಳು ಎರಡು ಬಸ್ಸು ಬದಲಾಯಿಸಿ ಹೋಗಿ ಬಂದಿದ್ದಳು. "ಹಾಗಾದ್ರೆ ಪರೀಕ್ಷೆ ಮಾಡಿಬಿಡಿ" ಎಂದಳು. ಮಾವನಿಗೆ ಬೇಕಾಗಿದ್ದೂ ಅದೇ. ಗಾಜಿನ ಲೋಟದ ತುಂಬ ತಣ್ಣೀರು ತರಿಸಿ ಮೇಲೊಂದು ಚಮಚ ಪುಡಿ ಉದುರಿಸಿದರು. ಶುದ್ಧ ಕಾಫಿ ತೇಲುತ್ತದೆ. ಚಿಕೋರಿ ಬೆರೆತಿದ್ದರೆ ಕಂದು ಎಳೆ ಬಿಡುತ್ತ ತಳಕ್ಕಿಳಿಯುತ್ತದೆ.

"ಗೊಬ್ಬರ ಯಾವುದು ಹಾಕಿದ್ರು, ಬೆಲೆ ಎಷ್ಟು ಕೊಟ್ರು ಅಂತ ಈ ಲೋಟ ಹೇಳುತ್ತಾ?"

"ಹೇಳಲ್ಲ. ಆದರೆ ಒಂದು ಸುಳ್ಳು ಸಿಕ್ಕಿದರೆ ಸಾಕು, ಉಳಿದವು ತಾವಾಗಿ ಹೊರಗೆ ಬರ್ತಾವೆ. ಸರ್ವಿಸ್ ಪೂರ್ತಿ ನೋಡಿದ್ದೀನಿ."

ಇಬ್ಬರೂ ಬಗ್ಗಿ ಕೂತರು. ಐದು ನಿಮಿಷವಾದರೂ ಪುಡಿ ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಕೆಳಗಿನ ನೀರು ತಿಳಿಯಾಗಿಯೇ ಇತ್ತು. ಮಾವನ ಮುಖ ಸಪ್ಪಗಾಯಿತು.

"ಈಗ ನಮ್ಮ ಡಬ್ಬಿಯದು" ಎಂದು ಸೊಸೆ ಎರಡನೇ ಲೋಟ ತಂದಿಟ್ಟಳು.

"ಅದಕ್ಕೆ ಪರೀಕ್ಷೆ ಬೇಕಿಲ್ಲ" ಎಂದರು ಮಾವ ಗಡುಸಾಗಿ. ಡಬ್ಬಿಯ ಪುಡಿ ಅವರ ಗೆಳೆಯನ ಅಂಗಡಿಯದು. ಊರಿನ ಅಂಗಡಿಗಳನ್ನೆಲ್ಲ ಜಾಲಾಡಿದವರು ಅಲ್ಲಿಂದ ಮಾತ್ರ ಒಂದು ದಿನವೂ ಸ್ಯಾಂಪಲ್ ಎತ್ತಿರಲಿಲ್ಲ. ಸಂಜೆ ಮನೆಯವರ ಹಾಗೆ ಹಿಂಬಾಗಿಲಿಂದ ಹೋಗುವುದು, ಹುರಿಯುವ ಯಂತ್ರದ ಪಕ್ಕ ಸ್ಟೂಲು ಹಾಕಿಕೊಂಡು ಹರಟುವುದು, ಡಬ್ಬಿ ತುಂಬಿಸಿಕೊಂಡು ಬರುವುದು. ಜಗತ್ತಿನಲ್ಲಿ ಅವರು ಕಣ್ಣುಮುಚ್ಚಿ ನಂಬಿದ್ದು ಅವನೊಬ್ಬನನ್ನೇ.

ಅಷ್ಟರಲ್ಲಿ ಸೊಸೆ ಪುಡಿ ಉದುರಿಸಿಯಾಗಿತ್ತು. ಚಮಚ ಕೆಳಗಿಡುವುದರೊಳಗೆ ಕಂದು ಎಳೆಗಳು ಇಳಿಯತೊಡಗಿದವು. ನೋಡನೋಡುತ್ತ ನೀರೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿತು.

ಗೆದ್ದ ಸೊಸೆಗೆ ಮಾವನ ಮುಖ ನೋಡಿ ಗೆಲುವೇ ಬೇಡವೆನಿಸಿತು. ಅವರು ಏನನ್ನು ನೆನೆಯುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ಅತ್ತೆ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಮಾವ ಔಷಧಿಗೆಂದು ಕೆಳಗಿಳಿದಿದ್ದರು; ಮಂಚದ ಬಳಿ ಇದ್ದವನು ಈ ಗೆಳೆಯನೊಬ್ಬನೇ. "ಅತ್ತಿಗೆಗೆ ನೋವೇ ಆಗಲಿಲ್ಲ ಕಣೋ. ನಿನ್ನ ಹೆಸರು ಹೇಳ್ತಾ ಹೇಳ್ತಾ ಹೋದ್ರು" ಎಂದಿದ್ದ. ಆ ಮಾತಿನ ಮೇಲೆಯೇ ಮಾವ ಐದು ವರ್ಷ ದೂಡಿದ್ದರು. ಒಂದು ಸುಳ್ಳು ಸಿಕ್ಕಿದರೆ ಉಳಿದವು ತಾವಾಗಿ ಹೊರಗೆ ಬರುತ್ತವೆ.

ಬಾಗಿಲು ತಟ್ಟಿದ ಸದ್ದಾಯಿತು. ಭಾನುವಾರ ಅಂಗಡಿಗೆ ರಜೆ. ಗೆಳೆಯ ಚದುರಂಗ ಆಡಲು ಬಂದಿದ್ದ. ಮೇಜಿನ ಮೇಲಿನ ಲೋಟಗಳನ್ನು ನೋಡಿ ನಕ್ಕ. "ಇನ್ನೂ ಈ ಚಟ ಬಿಟ್ಟಿಲ್ವೇನೋ? ಇದರಲ್ಲಿ ನಂದು ಯಾವುದು?"

ಒಂದು ಸುಳ್ಳು ರಿಪೋರ್ಟನ್ನೂ ಬರೆಯದ ಮಾವನ ಕೈ ನಿಧಾನವಾಗಿ ಮೇಲೆದ್ದು, ತಿಳಿನೀರಿನ ಲೋಟವನ್ನು ತೋರಿಸಿತು.

"ಇದಾ?" ಗೆಳೆಯ ಲೋಟ ಎತ್ತಿ ಬೆಳಕಿಗೆ ಹಿಡಿದ. "ಮೂರರಲ್ಲಿ ಒಂದು ಪಾಲು ಚಿಕೋರಿ ಅಂತ ಮುಂಬಾಗಿಲಿನ ಬೋರ್ಡಲ್ಲೇ ದೊಡ್ಡದಾಗಿ ಬರೆಸಿದ್ದೀನಲ್ಲೋ. ನೀನೋ ಯಾವಾಗ್ಲೂ ಹಿಂಬಾಗಿಲಿಂದ ಬರೋನು. ಹಾಗಾದ್ರೆ ನಾನು ಹಾಕಿದ ಚಿಕೋರಿ ಎಲ್ಲಿ ಹೋಯ್ತು?"

ಮಾವ ಒಂದು ಕ್ಷಣ ಪಿಳಿಪಿಳಿ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಚಿಕೋರಿಯನ್ನೂ ಬಚ್ಚಿಡದ ಮನುಷ್ಯ!

"ಮತ್ತೆ ಸುಳ್ಳು ಯಾಕೋ ಹೇಳಿದೆ?" ಎಂದ ಗೆಳೆಯ.

"ನಿನಗೆ ನೋವಾಗಬಾರದು ಅಂತ."

ಗೆಳೆಯ ನಗಲಿಲ್ಲ. ಲೋಟವನ್ನು ಮೆಲ್ಲಗೆ ಕೆಳಗಿಟ್ಟ. "ಅಂಥ ಸುಳ್ಳಿನ ಮೇಲೆ ಕೇಸ್ ಹಾಕಬಾರದು ಕಣೋ" ಎಂದ, ಮಾವನ ಮುಖ ನೋಡದೆ.

ಮಾವನ ನಗು ಅಲ್ಲೇ ನಿಂತಿತು. ಏನೋ ಕೇಳಲು ಬಾಯಿ ತೆರೆದವರು ಗೆಳೆಯನ ಬಗ್ಗಿದ ತಲೆಯನ್ನೇ ನೋಡುತ್ತ ಕೂತರು.

"ಕಾಫಿ ಮಾಡ್ತೀನಿ" ಎಂದು ಸೊಸೆ ಎದ್ದಳು. "ಯಾವ ಪುಡಿ ಹಾಕಲಿ ಮಾವ?"

"ಡಬ್ಬಿಯದೇ ಹಾಕಮ್ಮ" ಎಂದರು ಮಾವ, ಚದುರಂಗದ ಕಾಯಿಗಳನ್ನು ಒಂದೊಂದಾಗಿ ಜೋಡಿಸುತ್ತ.